ಸಣ್ಣ ಪಾಲು

ಇಷ್ಟೊಂದು ಬೆಲೆ ಬಾಳಬಾರದಿತ್ತು ಎಂದು ಅವನಿಗೆ ಅನ್ನಿಸಿತು. ನಾಣ್ಯದಂಗಡಿಯ ಹೆಂಗಸು ತನ್ನ ಕಾರ್ಡಿನ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಒಂದು ಮೊತ್ತ ಬರೆದು, ಗಾಜಿನ ಮೇಜಿನ ಮೇಲೆ ಅದನ್ನು ಅವನ ಕಡೆಗೆ ತಿರುಗಿಸಿ ತಳ್ಳಿದ್ದಳು. ಆಕೆಗೆ ನೆಗಡಿಯಾಗಿತ್ತು, ಮೂಗೊರೆಸಿಕೊಳ್ಳುವ ಗಡಿಬಿಡಿಯಲ್ಲಿ ಒಂದೆರಡು ಸೊನ್ನೆ ಹೆಚ್ಚು ಬಿದ್ದಿರಬೇಕು ಎಂದುಕೊಂಡು ಅವನು ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದ. ಸೊನ್ನೆಗಳು ಇದ್ದಲ್ಲೇ ಇದ್ದವು. ನಾಣ್ಯ ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಹಸಿರು ಮಖಮಲ್ಲಿನ ತುಂಡಿನ ಮೇಲೆ ಕಪ್ಪಗೆ ಬಿದ್ದಿತ್ತು. ಮಖಮಲ್ಲು ಒಳ್ಳೆಯದೇ, ಆದರೆ ಒಂದು ಮೂಲೆಯಲ್ಲಿ ಅಂಟು ಬಿಟ್ಟು ಎದ್ದಿದೆ ಎಂಬುದನ್ನು, ಸೋಫಾಗಳಿಗೆ ಬಟ್ಟೆ ಹೊಲಿದೇ ತಲೆ ನರೆಸಿಕೊಂಡ ಅವನ ಕಣ್ಣು ಗಮನಿಸಿತು. ಇಂಥ ಹೊತ್ತಿನಲ್ಲೂ ಅಂಟಿನ ಯೋಚನೆ ಬರುತ್ತದಲ್ಲ ಎಂದು ನಾಚಿಕೆಯೂ ಆಯಿತು. ಆಕೆ ಭೂತಗನ್ನಡಿಯನ್ನು ಅವನ ಕೈಗೇ ಕೊಟ್ಟು, ನೀವೇ ನೋಡಿ ಎಂದಳು. ಒಂದು ಬದಿಯಲ್ಲಿ ಯಾವನೋ ರಾಜನ ಮುಖ ಉಬ್ಬಿ ನಿಂತಿತ್ತು. ಇನ್ನೊಂದು ಬದಿ ಸವೆದು ಹಾಳಾಗಿದೆ ಎಂದು ಅವನು ತಿಳಿದಿದ್ದ. ಅಲ್ಲಿ ಅದೇ ರಾಜ, ಅದೇ ಮೂಗು, ಅದೇ ಗಡ್ಡ, ಎಲ್ಲ ತಿರುವುಮುರುವಾಗಿ ಒಳಗೆ ಕುಸಿದು ಕೂತಿದ್ದವು. ಟಂಕಸಾಲೆಯಲ್ಲಿ ಹಿಂದಿನ ನಾಣ್ಯ ಅಚ್ಚಿಗೇ ಕಚ್ಚಿಕೊಂಡು ಉಳಿದುಬಿಟ್ಟಿದೆ, ಅದನ್ನು ಯಾರೂ ನೋಡಿಲ್ಲ, ಇದು ಹೋಗಿ ಅದರ ಕೈಯಲ್ಲಿ ಏಟು ತಿಂದು ಬಂದಿದೆ ಎಂದು ಆಕೆ ವಿವರಿಸಿದಳು. ಇಂಥವನ್ನು ಹುಡುಕಿ ಹುಡುಕಿ ಕರಗಿಸಿಬಿಡುತ್ತಿದ್ದರಂತೆ. ಇದು ಹೇಗೋ ಕಣ್ಣು ತಪ್ಪಿಸಿ ಬಂದಿದೆಯಂತೆ. ಮೇಲಾಗಿ ಯಾರೂ ಇದನ್ನು ತಿಕ್ಕಿ ತೊಳೆದು ಕೆಡಿಸಿಲ್ಲವಂತೆ. ಆಕೆ ಸೀನಿ, ಕ್ಷಮಿಸಿ ಎಂದು ಹೇಳಿ, "ಇದು ಈಗ ನಿಮ್ಮದೇನಾ?" ಎಂದು ಕೇಳಿದಳು. ನನ್ನ ಪಾಲಿಗೆ ಬಂದದ್ದು ಎಂದ. ಆಕೆಯ ಮುಖ ಅರಳಿತು. "ಹಾಗಾದ್ರೆ ಒಳ್ಳೇದಾಯ್ತು ಬಿಡಿ" ಎಂದಳು. ಇದರಲ್ಲಿ ಈಕೆಗೇನು ಒಳ್ಳೆಯದಾಯಿತೋ ಎಂದು ಅವನಿಗೆ ತಿಳಿಯಲಿಲ್ಲ. ವ್ಯಾಪಾರದವರು ಹೀಗೆಯೇ ನಗುತ್ತಾರೆ ಎಂದುಕೊಂಡ.

ನಿಜ ಹೇಳಬೇಕೆಂದರೆ, ಅವನು ಬಂದದ್ದು ನಾಣ್ಯಗಳ ಬೆಲೆ ತಿಳಿಯುವುದಕ್ಕಲ್ಲ, ಅವಕ್ಕೆ ಬೆಲೆಯಿಲ್ಲ ಎಂದು ತಿಳಿಯುವುದಕ್ಕೆ. ಬೆಳಿಗ್ಗೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಉದ್ದ ಬೆಂಚಿಗೆ ರೆಕ್ಸಿನ್ ತರಬೇಕೆಂದು ಹೊರಟವನು ತನ್ನ ಪಾಲಿನ ನಾಣ್ಯಗಳನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ಜೇಬಿಗೆ ಹಾಕಿಕೊಂಡಿದ್ದ. ರೆಕ್ಸಿನ್ ಅಂಗಡಿಯ ಹಿಂದಿನ ಬೀದಿಯಲ್ಲೇ ನಾಣ್ಯದಂಗಡಿ ಇದೆ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅಕಸ್ಮಾತ್ತಾಗಿ ಕಣ್ಣಿಗೆ ಬಿತ್ತೆಂಬಂತೆ ಒಳಗೆ ಹೋಗಿದ್ದ. ಆಕೆ ಒಂದೊಂದನ್ನೇ ಚಿಮಟದಲ್ಲಿ ಎತ್ತಿ, ಇದು ಸವೆದಿದೆ, ಇದು ಎಲ್ಲೆಲ್ಲೂ ಸಿಗುತ್ತದೆ, ಇದನ್ನು ಯಾರೂ ಕೊಳ್ಳುವುದಿಲ್ಲ ಎಂದು ಪಕ್ಕಕ್ಕಿಡುತ್ತಿದ್ದಾಗ ಅವನಿಗೆ ಹಾಲು ಕುಡಿದಷ್ಟು ಸಂತೋಷವಾಗುತ್ತಿತ್ತು. ಅಯ್ಯೋ, ಇದೂ ಇಲ್ಲವೇ ಎಂದು ಬಾಯಲ್ಲಿ ಪೇಚಾಡುತ್ತ, ಒಳಗೊಳಗೇ ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತಿದ್ದ. ಅಪ್ಪನ ನಾಣ್ಯಗಳಲ್ಲಿ ಬೆಳ್ಳಿಯದೆಲ್ಲ ತಂಗಿಗೆ ಹೋಗಿ, ಹೊಟ್ಟು ಮಾತ್ರ ತನಗೆ ಉಳಿದಿದೆ, ಅದೂ ತಾನೇ ಬೇಕೆಂದು ಉಳಿಸಿಕೊಂಡದ್ದು ಎಂಬುದಕ್ಕೆ ತಿಳಿದವರೊಬ್ಬರ ಸಾಕ್ಷಿ ಸಿಗುತ್ತಿತ್ತು. ಆಮೇಲೆ ಆಕೆ ಈ ಕಪ್ಪು ಬಿಲ್ಲೆಯನ್ನು ಎತ್ತಿದಳು, ತಿರುಗಿಸಿದಳು, ಪಕ್ಕಕ್ಕಿಡಲಿಲ್ಲ. ಬೇಡ, ಅದನ್ನೂ ಆ ಕಡೆಗೇ ಇಡು ತಾಯಿ ಎಂದು ಅವನ ಮನಸ್ಸು ಅಂಗಲಾಚಿತು.

ಅವನ ಅಪ್ಪನದೂ ಇದೇ ಕಸುಬು. ಮುಚ್ಚಿಹೋದ ಹೋಟೆಲುಗಳ ಸೋಫಾಗಳು, ಕ್ಷೌರದಂಗಡಿಯ ತಿರುಗು ಕುರ್ಚಿಗಳು, ಒಮ್ಮೆಯಂತೂ ಒಂದು ಚಿತ್ರಮಂದಿರದ ಅಷ್ಟೂ ಸೀಟುಗಳನ್ನು ಅಪ್ಪ ಸಗಟಾಗಿ ಕೊಂಡು ತಂದು, ಹಳೆಯ ಬಟ್ಟೆ ಕಿತ್ತು, ಸ್ಪ್ರಿಂಗು ಬಿಗಿದು, ಹೊಸ ಬಟ್ಟೆ ಹೊದಿಸಿ ಮಾರುತ್ತಿದ್ದರು. ಕುರ್ಚಿಯ ಸಂದಿಯಲ್ಲಿ ಇಲ್ಲದ ವಸ್ತುವಿಲ್ಲ. ಬಾಚಣಿಗೆ, ಗುಂಡಿ, ಪೆನ್ನಿನ ಟೋಪಿ, ಒಂಟಿ ಓಲೆ, ಅರ್ಧ ತಿಂದ ಬಿಸ್ಕತ್ತು, ಮತ್ತು ನಾಣ್ಯ. ಕುರ್ಚಿಯ ಯಜಮಾನ ಯಾರೆಂದು ಗೊತ್ತಿದ್ದರೆ ಎಲ್ಲವನ್ನೂ ಕಾಗದದ ಪೊಟ್ಟಣ ಕಟ್ಟಿ ವಾಪಸು ಕೊಡಬೇಕು. ಗೊತ್ತಿಲ್ಲದಿದ್ದರೆ ನಡೆಯುವ ದುಡ್ಡು ಅಮ್ಮನ ಕೈಗೆ, ಚಲಾವಣೆ ನಿಂತ ಹಳೆಯ ದುಡ್ಡು ಬಿಸ್ಕತ್ತಿನ ಡಬ್ಬಿಗೆ. ಯಾವ ಕಾಲದಲ್ಲಿ ಯಾರ ಜೇಬಿನಿಂದ ಜಾರಿದ್ದೋ, ಅವರು ಎಷ್ಟು ಹುಡುಕಿದರೋ ಎಂದು ಅಪ್ಪ ಡಬ್ಬಿ ತೆಗೆದಾಗಲೆಲ್ಲ ಅನ್ನುತ್ತಿದ್ದರು. ಬಿಡುವಿದ್ದ ಮಧ್ಯಾಹ್ನ ಬೆಳ್ಳಿಯವನ್ನು ಮಾತ್ರ ಆರಿಸಿ ಹಲ್ಲುಪುಡಿ ಹಾಕಿ ಫಳಫಳ ಅನ್ನುವ ಹಾಗೆ ಉಜ್ಜುತ್ತಿದ್ದರು. ತಾಮ್ರದವನ್ನು ಮುಟ್ಟುತ್ತಿರಲಿಲ್ಲ. ಅಪ್ಪ ಪ್ರೀತಿಯಿಂದ ಉಜ್ಜಿದ್ದೇ ಆ ಬೆಳ್ಳಿಗೆ ಮುಳುವಾಯಿತು ಎಂದು ಈಗ ತಾನೇ ಈ ಹೆಂಗಸು ಹೇಳಿದ್ದಳು. ಹಡಗಿನ ಚಿತ್ರದ ದೊಡ್ಡ ಬೆಳ್ಳಿ ನಾಣ್ಯಗಳಾದರೆ ಹೇಗೆ ಎಂದು ಅವನು ಆಸೆಯಿಂದ ಕೇಳಿದ್ದಕ್ಕೆ, ಅವು ಗಾಡಿಗಟ್ಟಲೆ ಇವೆ, ಅದರ ಮೇಲೆ ಹಲ್ಲುಪುಡಿ ಬೇರೆ ಬಿದ್ದಿದ್ದರೆ ಬೆಳ್ಳಿಯ ತೂಕಕ್ಕೆ ಎಷ್ಟೋ ಅಷ್ಟೇ ಎಂದು ತಲೆಯಾಡಿಸಿದ್ದಳು. ಹಲ್ಲುಪುಡಿಯ ವಿಷಯ ತಾನು ಹೇಳಿದೆನೇ, ಆಕೆಯೇ ಹೇಳಿದಳೇ ಎಂದು ಅವನು ಆಗ ಯೋಚಿಸಲಿಲ್ಲ. ಕಾರ್ಡನ್ನೂ ನಾಣ್ಯವನ್ನೂ ಅಂಗಿಯ ಒಳಜೇಬಿಗೆ ಹಾಕಿಕೊಂಡು, ಯೋಚನೆ ಮಾಡಿ ಬರುತ್ತೇನೆ ಎಂದು ಹೇಳಿ, ಬಾಗಿಲನ್ನು ತಳ್ಳುವ ಬದಲು ಎಳೆದು, ಆಕೆ ಎದ್ದು ಬಂದು ತೆಗೆದುಕೊಟ್ಟ ಮೇಲೆ ಬೀದಿಗೆ ಬಿದ್ದ.

ಬೀದಿಯಲ್ಲಿ ಬಿಸಿಲು ಹಿತವಾಗಿತ್ತು. ತರಕಾರಿ ಗಾಡಿಯವನು ಮೂಲಂಗಿಗೆ ನೀರು ಚಿಮುಕಿಸುತ್ತಿದ್ದ. ಶಾಲೆಗೆ ಹೊರಟ ಹುಡುಗಿಯರು ಒಂದೇ ಕೊಡೆಯನ್ನು ಮೂರು ಜನ ಹಿಡಿದುಕೊಂಡು, ಮಳೆಯೇ ಇಲ್ಲದಿದ್ದರೂ ಅದರಡಿ ನುಗ್ಗಾಡುತ್ತ ಹೋದರು. ತಾನು ಸಿಳ್ಳೆ ಹಾಕುತ್ತಿದ್ದೇನೆ ಎಂಬುದು ಅವನ ಗಮನಕ್ಕೆ ಬಂದದ್ದು ಎದುರಿಗೆ ಬಂದ ಪೋಸ್ಟ್‌ಮ್ಯಾನ್ ನಕ್ಕಾಗ. ತಕ್ಷಣ ಬಾಯಿ ಮುಚ್ಚಿಕೊಂಡ. ಇದೇನು ಸಿಳ್ಳೆ ಹಾಕುವ ಸಮಯವೇ? ಕಾಲುಗಳಿಗೆ ಮಾತ್ರ ಬುದ್ಧಿ ಹೇಳಲಾಗಲಿಲ್ಲ, ಅವು ಹುಡುಗರ ಕಾಲುಗಳ ಹಾಗೆ ಮುಂದೆ ಮುಂದೆ ಓಡುತ್ತಿದ್ದವು. ವರ್ಷವಿಡೀ ಸೋಫಾ ಹೊಲಿದರೂ ಅಷ್ಟು ಹಣ ಕಂಡವನಲ್ಲ ಅವನು. ದೇಹಕ್ಕೆ ಅದು ತಿಳಿದುಹೋಗಿತ್ತು, ಖುಷಿಪಡಲು ಅದು ಅವನ ಅಪ್ಪಣೆ ಕೇಳಲಿಲ್ಲ. ಮನಸ್ಸು ಮಾತ್ರ ಹಿಂದೆ ಬಿದ್ದು ತಗಾದೆ ತೆಗೆಯುತ್ತಿತ್ತು. ತನಗೆ ಬೇರೆ ಏನು ಇತ್ತು? ಅಂಥ ಜಾಣನಲ್ಲ. ಕೋಪ ಬಂದರೆ ಸುತ್ತಿಗೆ ಎಸೆಯುವವನು. ಹೆಂಡತಿಯನ್ನು ಎಲ್ಲಿಗೂ ಕರೆದುಕೊಂಡು ಹೋದವನಲ್ಲ. ಆದರೆ ಒಂದು ಸಂಗತಿಯಲ್ಲಿ ಮಾತ್ರ ಅವನಿಗೆ ತನ್ನ ಬಗ್ಗೆ ಎಳ್ಳಷ್ಟೂ ಸಂಶಯ ಇರಲಿಲ್ಲ: ತಂಗಿಗೆ ತಾನು ಕೊಟ್ಟವನು, ಎಂದೂ ಕಿತ್ತುಕೊಂಡವನಲ್ಲ. ಈಗ ಆ ಒಂದಕ್ಕೇ ಕಲ್ಲು ಬಿತ್ತು. ಹೇಳಿದರೆ, ಅಣ್ಣನಿಗೆ ಮೊದಲೇ ಗೊತ್ತಿತ್ತು, ಅದಕ್ಕೇ ಸಣ್ಣದು ಸಾಕು ಎಂದು ನಾಟಕವಾಡಿದ ಅನ್ನುತ್ತಾಳೆ. ಹೇಳದಿದ್ದರೆ, ನಾಟಕವಾಡಿದ್ದು ನಿಜವೇ ಆಗಿಬಿಡುತ್ತದೆ.

ಪಾಲು ಮಾಡಿದ್ದು ತಂಗಿಯ ಮನೆಯಲ್ಲಿ, ಊಟದ ಮೇಜಿನ ಮೇಲೆ. ಅಪ್ಪ ಹೋದ ಮೇಲೆ ಡಬ್ಬಿ ಅವಳ ಕಪಾಟಿನಲ್ಲೇ ಇತ್ತು. ಮನೆಯ ಹಳೆಯ ಕಾನೂನಿನ ಪ್ರಕಾರ ಒಬ್ಬರು ಪಾಲು ಮಾಡಬೇಕು, ಇನ್ನೊಬ್ಬರು ಮೊದಲು ಆರಿಸಿಕೊಳ್ಳಬೇಕು. ಅಪ್ಪ ಮಾಡಿದ ಕಾನೂನು ಅದು. ಆರಿಸುವವನು ದೊಡ್ಡದನ್ನೇ ಎತ್ತಿಕೊಳ್ಳುತ್ತಾನಾದ್ದರಿಂದ ಪಾಲು ಮಾಡುವವನು ಸಮವಾಗಿ ಮಾಡಲೇಬೇಕು. ಒಂದೇ ಒಂದು ಬಾಳೆಹಣ್ಣಿದ್ದರೂ ಚಾಕುವನ್ನು ಅಳೆದು ಅಳೆದು ಇಡಬೇಕು. ಆದರೆ ಆರಿಸುವ ಸರದಿ ಬಂದಾಗಲೆಲ್ಲ ಅವನು ಸಣ್ಣ ತುಂಡನ್ನೇ ತೆಗೆದುಕೊಂಡು ಕಾನೂನನ್ನೇ ಕೆಡಿಸಿಬಿಟ್ಟಿದ್ದ. ನಂಗೆ ಇಷ್ಟೇ ಸಾಕು ಪುಟ್ಟಿ, ನೀನು ತಿನ್ನು. ಅಪ್ಪನ ದಪ್ಪ ಕೈ ತಲೆಯ ಮೇಲೆ ಬರುತ್ತಿತ್ತು, ಅಣ್ಣ ಅಂದ್ರೆ ಹೀಗಿರಬೇಕು. ಆ ಕೈ ತಲೆಯ ಮೇಲೆ ಇದ್ದಷ್ಟು ಹೊತ್ತು ಅವನಿಗೆ ಹಸಿವೇ ಗೊತ್ತಾಗುತ್ತಿರಲಿಲ್ಲ. ಪುಟ್ಟಿ ಕಾಲು ಇಳಿಬಿಟ್ಟುಕೊಂಡು ದೊಡ್ಡ ತುಂಡು ತಿನ್ನುವುದನ್ನು ಪಕ್ಕದಲ್ಲೇ ಕೂತು ನೋಡುತ್ತಿದ್ದ. ಆ ಪುಟ್ಟಿಗೆ ಈಗ ಮಂಡಿನೋವು, ಗಂಡ ಮಗ ಸೊಸೆ ಎಲ್ಲ ಇದ್ದಾರೆ, ಕೋರ್ಟಿನ ಎದುರು ಸ್ವಂತ ಜೆರಾಕ್ಸ್ ಅಂಗಡಿ ಇದೆ. ಆದರೂ ಅವಳು ಡಬ್ಬಿಯನ್ನು ಮೇಜಿನ ಮೇಲೆ ಸುರಿದು ಪಾಲು ಮಾಡಿದ ರೀತಿ ನೋಡಿ ಅವನಿಗೆ ಕೆಡುಕೆನಿಸಿತ್ತು. ಒಂದು ಕಡೆ ಬೆಳ್ಳಿಯೆಲ್ಲ, ದೊಡ್ಡದು, ಹೊಳೆಯುವುದು. ಇನ್ನೊಂದು ಕಡೆ ಕಪ್ಪು ಚೂರುಗಳ ಪುಟ್ಟ ಗುಡ್ಡೆ. ಇದೆಂಥ ಪಾಲು? ಬೆಳ್ಳಿಯ ಮೇಲೆ ಅಷ್ಟು ಆಸೆಯಿದ್ದರೆ ಬಾಯಿಬಿಟ್ಟು ಕೇಳಬಹುದಿತ್ತಲ್ಲ ಎಂದುಕೊಂಡ. ಮರುಕ್ಷಣ, ಪಾಪ, ಅವಳಿಗೆ ಪಾಲು ಮಾಡಿ ಅಭ್ಯಾಸವೇ ಇಲ್ಲ, ಅದಕ್ಕೂ ನಾನೇ ಕಾರಣ ಎಂದು ಕರುಣೆ ಉಕ್ಕಿ ಬಂತು. ಆರಿಸ್ಕೋ ಅಣ್ಣ ಎಂದು ಅವಳು ಕೈಕಟ್ಟಿ ನಿಂತಿದ್ದಳು. ಅವನು ಕಪ್ಪು ಗುಡ್ಡೆಯನ್ನು ಅಂಗೈಯಿಂದ ಬಳಿದುಕೊಂಡು, ನಂಗೆ ಇಷ್ಟೇ ಸಾಕು ಪುಟ್ಟಿ ಎಂದ. ಬೇಡ ಅಣ್ಣ ಎಂದು ಅವಳು ಒಂದು ಮಾತಿಗಾದರೂ ಅನ್ನಬಹುದಿತ್ತು.

ಅವತ್ತು ಮನೆಗೆ ಬಂದವನ ಮುಖದಲ್ಲಿದ್ದ ಕಳೆ ನೋಡಿಯೇ ಹೆಂಡತಿ, "ಆಯ್ತಾ ದಾನ?" ಎಂದು ಕೇಳಿದ್ದಳು. ಅವಳಿಗೆ ಅವನ ಈ ಗುಣ ಕಂಠಪಾಠ. ದಾನಶೂರ ಎಂದೇ ಅವಳು ಅವನಿಗಿಟ್ಟ ಹೆಸರು. ಬೇಡದ ಜಾಗದಲ್ಲಿ ಕೊಟ್ಟು ಬರ್ತೀರಿ, ನಾನು ಕುಕ್ಕರಿನ ರಬ್ಬರು ತನ್ನಿ ಅಂದ್ರೆ ವಾರಗಟ್ಟಲೆ ಮರೀತೀರಿ ಎಂದು ಅವಳು ಅಂದದ್ದು ನಿಜವೇ ಆಗಿತ್ತು. ಆದರೆ ಆಮೇಲೆ ಎಷ್ಟೋ ದಿನ ಕುರ್ಚಿಗಳಿಗೆ ಮೊಳೆ ಹೊಡೆಯುತ್ತ ಆ ಸುಖವನ್ನು ಚಪ್ಪರಿಸಿದ್ದ. ಗಿರಾಕಿಗಳ ಹತ್ತಿರ ಮಾತಿಗೆ ಮಾತು ಬಂದಾಗ, ನಮ್ಮ ತಂದೆಯ ಕಡೆಯ ಬೆಳ್ಳಿಯನ್ನೆಲ್ಲ ತಂಗಿಗೇ ಬಿಟ್ಟುಕೊಟ್ಟೆ ಸಾರ್ ಎಂದು, ಹೇಳಿಯೂ ಹೇಳದ ಹಾಗೆ ಹೇಳಿದ್ದ. ಹಲ್ಲಿನ ಡಾಕ್ಟರು ಅವನ ಬಾಯಿಗೆ ಕನ್ನಡಿ ಹಾಕಿಕೊಂಡೇ, ನಿಮ್ಮಂಥವರು ಅಪರೂಪ ಎಂದಿದ್ದರು. ಬಾಯಿ ತೆರೆದುಕೊಂಡಿದ್ದರಿಂದ ಅವನಿಗೆ ವಿನಯದಿಂದ ಅಲ್ಲಗಳೆಯಲು ಆಗಲಿಲ್ಲ.

ಈಗ ತನ್ನ ಅಂಗಡಿಯಲ್ಲಿ ಅದೇ ಡಾಕ್ಟರ ಬೆಂಚಿನ ಮುಂದೆ ಅವನು ಮಂಡಿಯೂರಿ ಕೂತಿದ್ದ. ರೆಕ್ಸಿನ್ ತಂದದ್ದಾಗಿತ್ತು. ಹಳೆಯ ಹೊದಿಕೆಯ ಮೊಳೆಗಳನ್ನು ಒಂದೊಂದಾಗಿ ಕೀಳುತ್ತ, ಹಲ್ಲುನೋವಿನ ಜನ ಕೂತು ಕೂತು ತಗ್ಗು ಬಿದ್ದಿದ್ದ ಫೋಮನ್ನು ಸರಿಸಿ ಒಳಗೆ ಕೈ ಹಾಕಿದ. ಒಂದು ಹೇರ್‌ಪಿನ್ನು, ಒಂದು ಚೀಟಿ, ಆಮೇಲೆ ನಿನ್ನೆ ಮೊನ್ನೆಯ ಒಂದು ಚಿಲ್ಲರೆ ನಾಣ್ಯ. ಅಭ್ಯಾಸಬಲದಿಂದ ಕಾಗದದ ಪೊಟ್ಟಣ ಕಟ್ಟಿ ಡಾಕ್ಟರ ಹೆಸರು ಬರೆಯಲು ಹೋದವನು ಪೆನ್ಸಿಲು ಕೆಳಗಿಟ್ಟ. ಎಲ್ಲರಿಗೂ ಎಲ್ಲವನ್ನೂ ವಾಪಸು ಕೊಟ್ಟೇ ಕೈ ಸವೆದಿದೆ. ಮತ್ತೊಬ್ಬರ ವಸ್ತು ಒಂದು ರಾತ್ರಿ ಮನೆಯಲ್ಲಿದ್ದರೆ ಅವನಿಗೆ ನಿದ್ದೆ ಬಾರದು. ಅವನಿಗೆ ಇದ್ದಕ್ಕಿದ್ದಂತೆ ವಾಚಿನ ನೆನಪಾಯಿತು. ತಂಗಿಗೆ ಮೊದಲ ಕೆಲಸ ಸಿಕ್ಕಿದಾಗ ಮೊದಲ ಸಂಬಳದಲ್ಲಿ ಅವನಿಗೊಂದು ವಾಚು ತಂದಿದ್ದಳು, ಬಿಳಿಯ ಮುಖದ್ದು, ಚರ್ಮದ ಪಟ್ಟಿಯದು. ಸುತ್ತಿಗೆ ಹಿಡಿಯುವ ಕೈಗೆ ವಾಚು ಯಾಕೆ ಎಂದು ಅದು ಬಂದ ಪೆಟ್ಟಿಗೆಯಲ್ಲೇ ಜೋಪಾನವಾಗಿಟ್ಟು, ಅವಳ ಮಗ ದೊಡ್ಡವನಾದಾಗ ಅವನ ಕೈಗೇ ಕಟ್ಟಿದ್ದ. ಅದನ್ನೂ ಅವನು ತನ್ನ ಒಳ್ಳೆಯತನದ ಲೆಕ್ಕಕ್ಕೇ ಸೇರಿಸಿಕೊಂಡಿದ್ದ. ಆ ದಿನ ತಂಗಿಯ ಮುಖ ಹೇಗಿತ್ತು ಎಂದು ಈಗ ನೆನಪು ಮಾಡಿಕೊಳ್ಳಲು ಹೋದರೆ ಮುಖವೇ ಬರಲಿಲ್ಲ. ಅವನು ನೋಡಿದ್ದು ತನ್ನ ಕೈಯನ್ನು, ಮತ್ತು ಅಳಿಯನ ಕೈಯನ್ನು. ಮತ್ತೆ ಮೊಳೆ ಕೀಳಲು ಹೋದಾಗ ಸುತ್ತಿಗೆಯ ಏಟು ಉಳಿಗೆ ಬೀಳದೆ ಹೆಬ್ಬೆರಳಿಗೆ ಬಿತ್ತು. ಸಾಕಾಯಿತು. ಬೆರಳು ಬಾಯಲ್ಲಿಟ್ಟುಕೊಂಡೇ ಎದ್ದು, ಅಂಗಡಿಯ ಬಾಗಿಲು ಎಳೆದುಕೊಂಡು, ಕೋರ್ಟಿನ ಕಡೆ ಹೊರಟ. ಏನಾದರಾಗಲಿ, ಹೇಳಿಬಿಡುವುದು. ನಾಣ್ಯವನ್ನು ಅವಳ ಕೈಗಿಟ್ಟು, ಇದೂ ನಿನ್ನದೇ ಪುಟ್ಟಿ ಎಂದು ಹೇಳಿ ಬಂದುಬಿಡುವುದು. ಆ ಮಾತನ್ನು ಮನಸ್ಸಿನಲ್ಲೇ ಅಂದುಕೊಂಡಾಗ ಎಷ್ಟು ಚಂದ ಕೇಳಿಸಿತೆಂದರೆ, ದಾರಿಯಲ್ಲಿ ಇನ್ನೆರಡು ಸಲ ಅಂದುಕೊಂಡ. ತಲೆಯ ಮೇಲೆ ಅಪ್ಪನ ಕೈ ಬಂದ ಹಾಗೇ ಆಯಿತು.

ತಂಗಿಯ ಅಂಗಡಿಯಲ್ಲಿ ಬಿಸಿ ಕಾಗದದ ವಾಸನೆ ತುಂಬಿಕೊಂಡಿತ್ತು. ಕೋರ್ಟಿನ ಊಟದ ಬಿಡುವು ಮುಗಿದು ಜನ ಕರಗಿದ್ದರು. ಒಬ್ಬ ಮುದುಕ ಮಾತ್ರ ಏನನ್ನೋ ಲ್ಯಾಮಿನೇಷನ್ ಮಾಡಿಸಲು ಬೆಂಚಿನ ಮೇಲೆ ಕಾದಿದ್ದ. ತಂಗಿ ಮಷೀನಿನ ಮುಚ್ಚಳ ತೆಗೆದು ಒಳಗೆ ಸಿಕ್ಕಿಕೊಂಡ ಹಾಳೆಯನ್ನು ಎಳೆಯುತ್ತಿದ್ದಳು. ಅವನನ್ನು ನೋಡಿದ್ದೇ, ಬೆರಳಿಗೇನಾಯ್ತು ಎಂದು ಕೇಳಿ, ಉತ್ತರಕ್ಕೆ ಕಾಯದೆ, ಶಾಯಿ ಒರೆಸುವ ಬಟ್ಟೆಯ ಶುಭ್ರವಾದ ತುದಿ ಹರಿದು ಕಟ್ಟಿದಳು. ಅವನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಇಲ್ಲಿ ಬಂದು ನಿಂತಾಗ ಯಾವ ತುದಿಯಿಂದ ಹಿಡಿಯಬೇಕೋ ತಿಳಿಯಲಿಲ್ಲ. ಒಳಜೇಬಿನಿಂದ ನಾಣ್ಯವನ್ನೂ ಕಾರ್ಡನ್ನೂ ತೆಗೆದು ಕೌಂಟರಿನ ಮೇಲಿಟ್ಟ. ಹೀಗೆ ಹೀಗೆ ಆಯಿತು, ನಾನು ಸುಮ್ಮನೆ ಹೋಗಿದ್ದೆ, ನಂಗೆ ಏನೇನೂ ಗೊತ್ತಿರಲಿಲ್ಲ, ನಮ್ಮಪ್ಪನಾಣೆ ಗೊತ್ತಿರಲಿಲ್ಲ ಎಂದು ತೊದಲಿದ. ತಂಗಿ ಕಾರ್ಡಿನ ಮೇಲಿನ ಮೊತ್ತವನ್ನು ಓದಿದಳು. ಹುಬ್ಬು ಏರಿಸಿದಳು, ಆದರೆ ಅವನು ಏರಿಸಿದಷ್ಟು ಏರಿಸಲಿಲ್ಲ.

"ಸ್ವಲ್ಪ ಜಾಸ್ತೀನೇ ಹೇಳಿದಾಳೆ. ನಂಗೆ ಇದಕ್ಕಿಂತ ಕಡಿಮೆ ಹೇಳಿದ್ಲು" ಎಂದಳು.

ಅವನಿಗೆ ಮೊದಲು ಅರ್ಥವಾಗಲಿಲ್ಲ. ಮಷೀನು ಗುಂಯ್ ಎನ್ನುತ್ತಿತ್ತು. ತಂಗಿ ಅದರ ಸ್ವಿಚ್ಚು ಆರಿಸಿದಳು. ಬೇಸಿಗೆಯಲ್ಲೇ ಡಬ್ಬಿಯನ್ನು ಆ ಹೆಂಗಸಿನ ಹತ್ತಿರ ಒಯ್ದಿದ್ದಳಂತೆ. ಅಪ್ಪನ ಹಲ್ಲುಪುಡಿಯ ಕಥೆ ಹೇಳಿ ಇಬ್ಬರೂ ನಕ್ಕಿದ್ದರಂತೆ. ಬೆಳ್ಳಿಗೆ ಎಷ್ಟು, ಈ ಕಪ್ಪು ಬಿಲ್ಲೆಗೆ ಎಷ್ಟು ಎಂದು ಕೇಳಿ ತಿಳಿದುಕೊಂಡು ಮನೆಗೆ ಬಂದು, ಬೆಳ್ಳಿಯನ್ನೆಲ್ಲ ಒಂದು ಕಡೆ, ಕಪ್ಪನ್ನೆಲ್ಲ ಇನ್ನೊಂದು ಕಡೆ ಗುಡ್ಡೆ ಮಾಡಿದ್ದಳಂತೆ. ಇವನ್ನೆಲ್ಲ ಅವಳು ಮುದುಕನ ಕಾಗದವನ್ನು ಪ್ಲಾಸ್ಟಿಕ್ ಹಾಳೆಯೊಳಗೆ ನೆಟ್ಟಗೆ ಕೂರಿಸುತ್ತಲೇ, ಹವಾಮಾನದ ಸುದ್ದಿ ಹೇಳುವವಳ ಹಾಗೆ ಹೇಳಿದಳು. ಅವನು ಇಂಗು ತಿಂದ ಮಂಗನ ಹಾಗೆ ನಿಂತಿದ್ದ. ಹಾಗಾದರೆ ನಾಣ್ಯದಂಗಡಿಯವಳ ನಗು. ಹಾಗಾದರೆ ಕೈಕಟ್ಟಿ ನಿಂತು, ಆರಿಸ್ಕೋ ಅಣ್ಣ ಎಂದದ್ದು. ತಾನು ಅಂಗೈಯಿಂದ ಗುಡ್ಡೆ ಬಳಿದುಕೊಂಡದ್ದು, ಸಾಕು ಪುಟ್ಟಿ ಎಂದದ್ದು, ಅಷ್ಟು ದಿನ ಸುಖ ಚಪ್ಪರಿಸಿದ್ದು, ಹಲ್ಲಿನ ಡಾಕ್ಟರಿಂದ ಹೊಗಳಿಸಿಕೊಂಡದ್ದು, ಎಲ್ಲ ಒಟ್ಟಿಗೆ ನೆನಪಾಗಿ ಕಿವಿ ಬಿಸಿಯಾಯಿತು.

"ನಾನು ಬೆಳ್ಳಿ ತಗೊಂಡಿದ್ರೆ?" ಎಂದು ಕೇಳಿದ.

"ನೀನಾ?" ಎಂದಳು ತಂಗಿ. ಇನ್ನೇನೂ ಹೇಳುವ ಅಗತ್ಯ ಇರಲಿಲ್ಲ.

ಅವನಿಗೆ ಸಿಟ್ಟು ಬಂತು. ನೇರವಾಗಿ ಕೊಟ್ಟಿದ್ದರೆ ಆಗುತ್ತಿರಲಿಲ್ಲವೇ, ಈ ಕಣ್ಣಾಮುಚ್ಚಾಲೆ ಯಾಕೆ ಬೇಕಿತ್ತು ಎಂದು ದನಿ ಏರಿಸಿದ. ಬೆಂಚಿನ ಮೇಲಿನ ಮುದುಕ ತಲೆ ಎತ್ತಿದ. ತಂಗಿ ಲ್ಯಾಮಿನೇಷನ್ ಮಷೀನಿಗೆ ಹಾಳೆ ತೂರಿಸಿ, ಅದು ನಿಧಾನವಾಗಿ ಆ ಕಡೆಯಿಂದ ಹೊರಬರುವುದನ್ನು ನೋಡುತ್ತ ನಿಂತಳು. ಅವನ ಕಡೆ ತಿರುಗಿದಾಗ ಅವಳ ಕಣ್ಣು ತುಂಬಿತ್ತು, ಆದರೆ ದನಿಯಲ್ಲಿ ತುಂಟತನವೇ ಇತ್ತು.

"ನೇರವಾಗಿ ಕೊಟ್ಟಿದ್ದನ್ನ ನೀನು ಯಾವತ್ತು ಇಟ್ಕೊಂಡಿದೀಯ, ಹೇಳು. ವಾಚು ಕೊಟ್ಟೆ, ನನ್ ಮಗನ ಕೈಗೇ ಕಟ್ಟಿದೆ. ಅವತ್ತು ನಾನು ಬಚ್ಚಲಲ್ಲಿ ಕೂತು ಅತ್ತಿದೀನಿ, ಗೊತ್ತಾ ನಿಂಗೆ? ದೊಡ್ ತುಂಡು ನಂಗೆ ಕೊಟ್ಟು ನೀನು ಪಕ್ಕದಲ್ಲೇ ಕೂತು ನೋಡ್ತಿದ್ದೆ. ಗಂಟಲಲ್ಲಿ ಇಳೀತಿರ್ಲಿಲ್ಲ ಅಣ್ಣ. ಆದ್ರೂ ನಿನ್ ಮುಖ ನೋಡಿ ತಿಂತಿದ್ದೆ. ಈ ವಯಸ್ಸಿನವರೆಗೂ ದೊಡ್ಡ ಪಾಲು ತಿಂದು ತಿಂದು ಸಾಕಾಗಿದೆ ನಂಗೆ. ಒಂದ್ಸಲಾನಾದ್ರೂ ನೀನು ತಿನ್ನು, ನಾನು ಕೂತು ನೋಡ್ತೀನಿ."

ಅವನು ಮುದುಕನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತುಬಿಟ್ಟ. ಬೆಂಚಿನ ಫೋಮು ಸತ್ತುಹೋಗಿತ್ತು, ಹಲಗೆ ಒತ್ತುತ್ತಿತ್ತು. ಇಷ್ಟು ವರ್ಷ ಬಂದು ಹೋದರೂ ಅವನು ಇಲ್ಲಿ ಒಮ್ಮೆಯೂ ಕೂತಿರಲಿಲ್ಲ. ಬಂದಾಗಲೆಲ್ಲ ಏನಾದರೊಂದು ಕೈಗಿಟ್ಟು, ಕೆಲಸವಿದೆ ಎಂದು ನಿಂತ ಕಾಲಲ್ಲೇ ಹೊರಟುಬಿಡುತ್ತಿದ್ದ. ಅವಮಾನ ಆಗಬೇಕಿತ್ತು, ಆಗುತ್ತಲೂ ಇತ್ತು. ಜೀವಮಾನವಿಡೀ ತಾನು ಜೋಪಾನ ಮಾಡಿದ್ದ ಒಂದೇ ಒಳ್ಳೆಯತನ ಇನ್ನೊಬ್ಬಳ ಗಂಟಲಲ್ಲಿ ಸಿಕ್ಕಿಕೊಂಡ ತುತ್ತಾಗಿತ್ತು. ಆದರೆ ಆ ಅವಮಾನದ ಕೆಳಗಿನಿಂದ, ಬೇಡವೆಂದರೂ ಕೇಳದೆ, ಬೆಳಿಗ್ಗೆ ಬೀದಿಯಲ್ಲಿ ಕಾಲಿಗೆ ಬಂದಿದ್ದ ಅದೇ ಖುಷಿ ಮತ್ತೆ ಏರಿಬರುತ್ತಿತ್ತು, ಈಗ ಎದೆಯವರೆಗೆ. ಇವಳು ತನ್ನನ್ನು ಬಲ್ಲಳು. ತಾನು ಯಾವ ಗುಡ್ಡೆಯ ಕಡೆ ಕೈಚಾಚುತ್ತೇನೆ ಎಂದು ಇವಳಿಗೆ ತಿಳಿದಿತ್ತು. ಅಷ್ಟೇ ಅಲ್ಲ, ಎಂದಾದರೊಂದು ದಿನ ನಾಣ್ಯದಂಗಡಿಗೆ ತಾನಾಗಿಯೇ ಹೋಗುತ್ತೇನೆ ಎಂದೂ ತಿಳಿದಿತ್ತೇ? ಅದನ್ನೂ ಕೇಳಿಬಿಟ್ಟ. ಹೋಗದೇ ಇದ್ದಿದ್ದರೆ ಏನು ಮಾಡುತ್ತಿದ್ದೆ ಎಂದ.

"ಹೋಗೇ ಹೋಗ್ತೀಯ ಅಂತ ಗೊತ್ತಿತ್ತು. ಎಷ್ಟು ತ್ಯಾಗ ಮಾಡ್ದೆ ಅಂತ ಲೆಕ್ಕ ಬೇಡ್ವಾ ನಿಂಗೆ?"

ಅವನು ಮೊದಲು ಹುಳ್ಳಗೆ ನಕ್ಕ. ಆಮೇಲೆ ತಡೆಯಲಾಗದೆ ನಿಜವಾಗಿಯೇ ನಕ್ಕ. ಹೊಟ್ಟೆ ಹಿಡಿದುಕೊಂಡು ನಗುವಾಗ ಬಟ್ಟೆ ಕಟ್ಟಿದ ಹೆಬ್ಬೆರಳು ನೋಯುತ್ತಿತ್ತು. ಇಷ್ಟು ಸಣ್ಣವನು ತಾನು, ಇಷ್ಟು ಸಲೀಸಾಗಿ ಓದಬಹುದಾದವನು, ಮತ್ತು ಓದಿದವಳು ಪುಸ್ತಕ ಬಿಸಾಡದೆ ಜೊತೆಗಿಟ್ಟುಕೊಂಡಿದ್ದಾಳೆ. ಅದಕ್ಕಿಂತ ಹೆಚ್ಚು ಒಬ್ಬ ಮನುಷ್ಯನಿಗೆ ಏನು ಬೇಕು ಎಂದು ಅವನಿಗೆ ಆ ಕ್ಷಣದಲ್ಲಿ ತೋಚಲಿಲ್ಲ. ಮುದುಕ ಏನಾಯಿತು ಎಂದು ಕೇಳಿದ. ನಮ್ಮಣ್ಣನಿಗೆ ಲಾಟರಿ ಹೊಡೀತು ಎಂದಳು ತಂಗಿ. ಮುದುಕ ಅವನ ಕೈ ಹಿಡಿದು ಕುಲುಕಿದ. ಅವನು ಬೇಡವೆನ್ನದೆ ಕುಲುಕಿಸಿಕೊಂಡ.

ಮುದುಕ ತನ್ನ ಕಾಗದವನ್ನು ಬೆಳಕಿಗೆ ಹಿಡಿದು ನೋಡಿಕೊಳ್ಳುತ್ತ ಹೊರಟ ಮೇಲೆ, ತಂಗಿ ಕೌಂಟರಿನ ಈ ಕಡೆಗೆ ಬಂದಳು. ನಾಣ್ಯವನ್ನು ಎತ್ತಿ ಅವನ ಅಂಗಿಯ ಜೇಬಿಗೆ ತಾನೇ ಹಾಕಿದಳು. ಹಾಕಿ, ಅವನ ಎದುರಿಗೆ ಮಂಡಿ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತಳು. ಮುಖದಲ್ಲಿ ತುಂಟತನ ಇದ್ದೇ ಇತ್ತು, ಆದರೆ ಅದರ ಹಿಂದೆ ಅವಳು ಸ್ವಲ್ಪ ಹೆದರಿದ್ದಳು. ಅದು ಅವನಿಗೆ ಕಂಡಿತು. ಈ ಸಲ ಅವನು ಅವಳ ಮುಖವನ್ನೇ ನೋಡುತ್ತಿದ್ದ.

"ಅಣ್ಣ, ಅದ್ರಲ್ಲಿ ನಂಗೆ ಅರ್ಧ ಕೊಡ್ತೀಯಾ?"

ಅರ್ಧ ಯಾಕೆ, ಪೂರ್ತಿ ನಿಂದೇ ತಗೋ ಪುಟ್ಟಿ ಎಂಬ ಮಾತು ನಾಲಿಗೆಯ ತುದಿಗೆ ತಾನಾಗಿಯೇ ಬಂದು ಕೂತಿತು. ಎಷ್ಟು ವರ್ಷಗಳಿಂದ ಓಡಾಡಿದ ದಾರಿ ಅದು, ದೂಡುವುದೇ ಬೇಕಿರಲಿಲ್ಲ. ಕೈಯೂ ಜೇಬಿನ ತನಕ ಹೋಗಿತ್ತು. ಹೋದ ಕೈಯನ್ನು ಅಲ್ಲೇ, ಜೇಬಿನ ಮೇಲೆ, ಒತ್ತಿ ಹಿಡಿದುಕೊಂಡ. ಬಟ್ಟೆಯ ಅಡಿಯಲ್ಲಿ ಬಿಲ್ಲೆ ಉಗುರಿನಷ್ಟು ಗಟ್ಟಿಯಾಗಿ ತಗುಲಿತು. ಇಷ್ಟು ಕಷ್ಟದ ಕೆಲಸವನ್ನು ತಾನು ಎಂದೂ ಮಾಡಿಲ್ಲ ಎನ್ನಿಸಿತು.

"ಕೊಡಲ್ಲ" ಎಂದ.

"ಕೇಳಿಸ್ಲಿಲ್ಲ."

"ಕೊಡಲ್ಲ ಹೋಗೇ. ಅದು ನಂದು."

ತಂಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಭುಜ ಕುಲುಕಿತು, ಕಣ್ಣಿನಿಂದ ನೀರು ಬೆರಳುಗಳ ಮೇಲೆ ಇಳಿಯಿತು. ಮಂಡಿನೋವಿನ ಹೆಂಗಸು ಸ್ಟೂಲಿನ ಮೇಲೆ ಕಾಲು ಇಳಿಬಿಟ್ಟುಕೊಂಡು ಹಿಂದೆ ಮುಂದೆ ಆಡಿಸುತ್ತ ನಗುತ್ತಿದ್ದಳು, ಇನ್ನೊಂದ್ಸಲ ಹೇಳು ಎನ್ನುತ್ತಿದ್ದಳು, ಅವನು ಹೇಳಿದ. ಹುಟ್ಟಿದಂದಿನಿಂದ ಅವನು ಅವಳಿಗೆ ಏನೇನೋ ಕೊಟ್ಟಿದ್ದ. ಅವಳು ಇಷ್ಟು ಖುಷಿಯಿಂದ ತೆಗೆದುಕೊಂಡದ್ದು ಇದೊಂದನ್ನೇ.